ಅತ್ತೆ ಮನೆಯ ಪ್ಲಾನು

ನಮ್ಮ ಹಾಸ್ಟೆಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮನೆಗೆ ಊರಲ್ಲಿ ಒಂದು ತುಂಡು ಜಮೀನಿದೆ. ರಾತ್ರಿ ಊಟ ಆದಮೇಲೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಅಲ್ಲಿಗೇ ಬರುತ್ತೆ. "ಒಂದೈದು ವರ್ಷ ದುಡಿದು, ತೋಟದ ಮಧ್ಯೆ ಒಂದು ಚಿಕ್ಕ ಮನೆ ಕಟ್ಟಿಸ್ಬೇಕು ಕಣೇ." ಎಲ್ಲರೂ ತಲೆ ಆಡಿಸ್ತಾರೆ. ನಮ್ಮ ಜಮೀನು, ನಮ್ಮ ದುಡ್ಡು, ನಮ್ಮ ಮನೆ, ಇದರಲ್ಲಿ ಸರ್ಕಾರದ್ದೇನು ಕೆಲಸ ಅನ್ನೋದು ಎಲ್ಲರ ಲೆಕ್ಕ. ಕಳೆದ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದರೆ, ಆ ತಲೆ ಆಡಿಸೋರಲ್ಲಿ ಕೆಲವರಿಗಾದರೂ ಉಪಯೋಗ ಆಗಬಹುದು ಅಂತ ಇದನ್ನು ಬರೀತಿದ್ದೀನಿ. ಮನೆಯವರ ಒಪ್ಪಿಗೆ ತಗೊಂಡಿದ್ದೀನಿ. ಚಿಕ್ಕಪ್ಪನದು ಅರೆ ಒಪ್ಪಿಗೆ.

ನಮ್ಮ ಊರು ತುಮಕೂರಿನ ಕಡೆ. ಅಪ್ಪ ಕೆಲಸಕ್ಕೆ ಅಂತ ಟೌನಿಗೆ ಬಂದರು, ನಾನು ತಮ್ಮ ಇಬ್ಬರೂ ಅಲ್ಲೇ ಬೆಳೆದದ್ದು. ಊರಲ್ಲಿ ಅಜ್ಜಿ, ಚಿಕ್ಕಪ್ಪನ ಸಂಸಾರ, ನಾಡಹೆಂಚಿನ ಹಳೇ ಮನೆ. ಎರಡು ಎಕರೆ ಹೊಲ, ಅದರಲ್ಲಿ ಸ್ವಲ್ಪ ತೆಂಗು, ಮಿಕ್ಕಿದ್ದಕ್ಕೆ ರಾಗಿ. ಹೊಲ ಅಜ್ಜ ತಾವೇ ದುಡಿದು 1981ರಲ್ಲಿ ಕ್ರಯಕ್ಕೆ ತಗೊಂಡದ್ದು. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಮೇಲೆ ಅತ್ತೆ, ಅಂದರೆ ಅಪ್ಪನ ತಂಗಿ, ಹೈಸ್ಕೂಲಿಗೆ ಹೋಗೋ ಮಗಳನ್ನೂ ಒಂದು ಹೊಲಿಗೆ ಮೆಷಿನನ್ನೂ ಕರೆದುಕೊಂಡು ತವರಿಗೆ ಬಂದರು. ಮೆಷಿನನ್ನು ಕರೆದುಕೊಂಡು ಅಂತ ಬೇಕಂತಲೇ ಬರೆದೆ. ಅತ್ತೆ ಅದನ್ನು ಹಾಗೇ ನೋಡಿಕೊಳ್ಳೋದು.

ಹಳೇ ಮನೆಯಲ್ಲಿ ಏಳು ಜನ ಹಿಡಿಸಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಹೊಲದ ರಸ್ತೆ ಪಕ್ಕದ ಮೂಲೇಲಿ ಅತ್ತೆಗೆ ಎರಡು ರೂಮಿನ ಮನೆ ಕಟ್ಟಿಸೋದು ಅಂತ ತೀರ್ಮಾನ ಮಾಡಿದರು. ನಾನು ಸಿವಿಲ್ ಸೇರಿ ಆಗಿನ್ನೂ ಮೂರು ತಿಂಗಳು. ಚಿಕ್ಕಪ್ಪ ಫೋನಲ್ಲಿ, "ಪ್ಲಾನು ನೀನೇ ಹಾಕ್ಬಿಡಮ್ಮ, ಇಂಜಿನಿಯರ್ ಮನೇಲಿದ್ದಾಗ ಹೊರಗ್ಯಾಕೆ ದುಡ್ಡು ಕೊಡೋದು" ಅಂದರು. ಆಟೋಕ್ಯಾಡ್ ಲ್ಯಾಬಲ್ಲಿ ಕೂತು 24 ಅಡಿಗೆ 30 ಅಡಿ, 720 ಚದರಡಿ ಮನೆ ಬರೆದೆ. ಅತ್ತೆ ಕೇಳಿದ್ದು ಒಂದೇ: ಮುಂದಿನ ರೂಮಿಗೆ ಬೆಳಕು ಚೆನ್ನಾಗಿ ಬರಬೇಕು, ಸೂಜಿಗೆ ದಾರ ಪೋಣಿಸೋಕೆ.

ಬ್ಯಾಂಕಲ್ಲಿ ಕೆಲಸ ಕೆಟ್ಟಿತು. ಅಪ್ಪ ಸಾಲ ಕೇಳಲು ಹೋದಾಗ ಅವರು ಪಹಣಿ ನೋಡಿ, "ಇದು ವ್ಯವಸಾಯದ ಜಮೀನು. ಕನ್ವರ್ಷನ್ ಆಗಿದ್ಯಾ? ಫಾರಂ 9, ಫಾರಂ 11 ಇದ್ಯಾ? ಪಂಚಾಯ್ತಿ ಲೈಸೆನ್ಸ್?" ಅಂತ ಕೇಳಿ ಫೈಲು ಹಿಂದಕ್ಕೆ ತಳ್ಳಿದರು. ಅಪ್ಪ ಆ ಪಹಣಿ ತಂದು ನನ್ನ ಕೈಗೆ ಕೊಟ್ಟರು. ಓದಿದವಳು ಅಂತ.

ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜು, ಮಾರ್ಕ್ಸು ಚೆನ್ನಾಗೇ ಬರ್ತಿತ್ತು. ಪಹಣಿಯ ಕನ್ನಡ ಮಾತ್ರ ಬೇರೆಯೇ ಭಾಷೆ. ಖರಾಬು, ತಕರಾರು, ಜಮಾಬಂದಿ, ಪೋಡಿ, ಹಿಸ್ಸಾ, ಆಕಾರಬಂದ್. ಅರ್ಧ ಪದಗಳು ಅರಬ್ಬಿ, ಪಾರ್ಸಿ ಕಡೆಯಿಂದ ತಹಶೀಲ್ದಾರರ ಜೊತೆ ಬಂದವು. ಪಹಣಿ ಅನ್ನೋದೇ ಮರಾಠಿಯಿಂದ ಬಂದದ್ದಂತೆ, ನೋಡುವುದು ಅಂತ ಅರ್ಥ. ನಾನು ನೋಡಿದ್ದೇ ಬಂತು, ತಿಳೀಲಿಲ್ಲ. ಆದರೆ ಎರಡನೇ ಓದು ಓದದೇ ಹೋದ ಅಜ್ಜಿ "ಪೋಡಿ ಆಗಿಲ್ಲ ಕಣೇ ಅದು, ನಿಮ್ಮಜ್ಜ ಸಾಯೋತನ್ಕ ಹೇಳ್ತಿದ್ರು" ಅಂದರು. ಪೋಡಿ ಅಂದರೆ ಒಂದು ಸರ್ವೇ ನಂಬರನ್ನು ಅಳೆದು, ಅವರವರ ತುಂಡಿಗೆ ಬೇರೆ ನಂಬರು, ಬೇರೆ ನಕ್ಷೆ ಮಾಡೋದು. ಅಜ್ಜಿಗೆ ಗೊತ್ತಿತ್ತು.

ಆಗಲೇ ಒಬ್ಬ ಮಧ್ಯವರ್ತಿ ಬಂದ. ಇಂಥವರು ಪ್ರತಿ ತಾಲೂಕು ಆಫೀಸಿನ ಮುಂದಿನ ಟೀ ಅಂಗಡಿಯಲ್ಲೂ ಇರ್ತಾರೆ. "ಕನ್ವರ್ಷನ್ ಎಲ್ಲ ಯಾಕೆ ಸಾರ್, ಒಳಗಿಂದ ಖಾತೆ ಮಾಡಿಸಿ ಕೊಡ್ತೀನಿ, ಒಂದೇ ರೇಟು" ಅಂದ. ಚಿಕ್ಕಪ್ಪನಿಗೆ ಇಷ್ಟ ಆಯ್ತು. ಅಪ್ಪನಿಗೆ ಭಯ ಆಯ್ತು. ಅಪ್ಪನ ಭಯ ಗೆದ್ದು, ನಾವು ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯ ಮೇಲಿದ್ದ ಒಬ್ಬರು ವಕೀಲರ ಹತ್ತಿರ ಹೋದೆವು. ಐವತ್ತು ದಾಟಿದ ಮೇಡಂ. ಅಪ್ಪ, ಚಿಕ್ಕಪ್ಪ, ಅತ್ತೆ, ನಾನು. ಕುರ್ಚಿ ಮೂರೇ ಇದ್ದವು, ನಾನು ನಿಂತೆ.

ಮೇಡಂ ಮೊದಲು ಪ್ಲಾನನ್ನು ಪಕ್ಕಕ್ಕಿಟ್ಟು ಪಹಣಿಯ ಮೂರನೇ ಕಾಲಮ್ಮಿಗೆ ಬೆರಳಿಟ್ಟರು. ಒಟ್ಟು ವಿಸ್ತೀರ್ಣ 2 ಎಕರೆ. ಅದರ ಕೆಳಗೆ ಖರಾಬು (ಬ), 4 ಗುಂಟೆ. "ಇದೆಲ್ಲಿದೆ ಗೊತ್ತಾ?" ಯಾರಿಗೂ ಗೊತ್ತಿಲ್ಲ. ಖರಾಬಿನಲ್ಲಿ ಎರಡು ಥರ. 'ಅ' ಅಂದರೆ ಬಂಡೆ ಗಿಂಡೆ ಇದ್ದು ಉಳುಮೆಗೆ ಬಾರದ ನೆಲ. 'ಬ' ಅಂದರೆ ದಾರಿ, ಹಳ್ಳ, ಹೀಗೆ ಊರಿಗೆಲ್ಲ ಸೇರಿದ್ದಕ್ಕೆ ಬಿಟ್ಟ ಜಾಗ. ನಮ್ಮ ಸರ್ವೇ ನಂಬರಿನೊಳಗೇ ಇದ್ದರೂ ಅದು ನಮ್ಮದಲ್ಲ. ಸರ್ವೇ ನಕ್ಷೆ ತೆಗೆಸಿ ನೋಡಿದರೆ ಆ ನಾಲ್ಕು ಗುಂಟೆ ರಸ್ತೆ ಪಕ್ಕದ ಹಳ್ಳ. ನಾನು ಹುಟ್ಟಿದಾಗಿಂದ ಅದರಲ್ಲಿ ನೀರು ಹರಿದದ್ದು ನೋಡಿಲ್ಲ, ಚಿಕ್ಕಪ್ಪ ಅಲ್ಲಿ ಹುಲ್ಲಿನ ಬಣವೆ ಹಾಕ್ತಾರೆ. ಮನೆಗೆ ಅಂತ ನೋಡಿದ್ದ ಮೂಲೆಯ ಅರ್ಧ ಅದರಲ್ಲೇ ಇತ್ತು. ಕಾಗದದಲ್ಲಿ ಹಳ್ಳ ಹರೀತಾನೇ ಇದೆ, ಮತ್ತೆ ನಿಜವಾದ ಮಳೆ ಬಂದ ವರ್ಷ ನೆಲದಲ್ಲೂ ಹರಿಯುತ್ತೆ ಅಂದರು ಮೇಡಂ. ಹೈಡ್ರಾಲಜಿ ಇನ್ನೂ ಓದಿರಲಿಲ್ಲ. ಅಷ್ಟು ಸಾಕಾಯ್ತು, ಮನೆ ಅರವತ್ತು ಅಡಿ ಒಳಕ್ಕೆ ಹೋಯಿತು.

ಆಮೇಲೆ ಕಾನೂನು ಹೇಳಿದರು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸೋಕೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಕೆಳಗೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಅದೇ ಭೂ ಪರಿವರ್ತನೆ, ಜನರ ಬಾಯಲ್ಲಿ ಕನ್ವರ್ಷನ್. ಅನುಮತಿ ಇಲ್ಲದೆ ಕಟ್ಟಿದರೆ ದಂಡ ಹಾಕೋಕೆ 96ನೇ ಕಲಂ ಇದೆ. ಊರೊಳಗಿನ ಹಳೇ ಮನೆಗೆ ಇದ್ಯಾವುದೂ ಬೇಡ, ಯಾಕಂದ್ರೆ ಅದು ಗ್ರಾಮಠಾಣಾ, ಮೊದಲಿಂದ ಮನೆಗಳಿಗೇ ಇರೋ ಜಾಗ. ಹೊಲಕ್ಕೆ ಕಾಲಿಟ್ಟರೆ ಬೇಕು.

ಚಿಕ್ಕಪ್ಪ ಬಿಡಲಿಲ್ಲ. "ತೋಟದ ಮನೆ ಕಟ್ಕೋಬೋದು ಅಂತಾರಲ್ಲ ಮೇಡಂ, ಎಲ್ಲರೂ ಕಟ್ಟಿದಾರೆ?" ಅದೂ ನಿಜ. ಅದೇ 95ನೇ ಕಲಮಿನಲ್ಲಿ ರೈತ ತನ್ನ ಹಿಡುವಳಿಯ ಶೇಕಡ 10ನ್ನು ಮೀರದ ಜಾಗದಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು, ಅದಕ್ಕೂ ಒಂದು ಮೇಲ್ಮಿತಿ ಇದೆ. ಷರತ್ತು ಏನಂದ್ರೆ ಅದು ವ್ಯವಸಾಯದ ಅನುಕೂಲಕ್ಕೆ, ಸ್ವಂತ ಉಪಯೋಗಕ್ಕೆ ಇರಬೇಕು, ವ್ಯಾಪಾರಕ್ಕೆ ಬಾಡಿಗೆ ಕೊಡೋ ಹಾಗಿಲ್ಲ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ನಾವು ಸರ್ವೇ ಲ್ಯಾಬಲ್ಲಿ 66 ಅಡಿಯ ಗಂಟರ್ ಚೈನ್ ಅಂತ ಬಾಯಿಪಾಠ ಮಾಡ್ತೀವಲ್ಲ, ಅದರ ಅರ್ಧ 33 ಅಡಿ. 33 ಗುಣಿಸು 33, 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಖರಾಬು ಕಳೆದು ನಮ್ಮದು 76 ಗುಂಟೆ, ಶೇಕಡ 10 ಅಂದರೆ 7.6 ಗುಂಟೆ. 720 ಚದರಡಿಯ ಮನೆಗೆ ಧಾರಾಳ. ಆದರೆ ನಾವು ಕೇಳಿದ ಬ್ಯಾಂಕು ತೋಟದ ಮನೆಗೆ ಗೃಹಸಾಲ ಕೊಡಲ್ಲ ಅಂದಿತ್ತು. ಮತ್ತೆ ಅತ್ತೆ ಉಳೋದಿಲ್ಲ, ಹೊಲಿಯೋದು. ನಾಳೆ ಯಾರಾದರೂ ಅರ್ಜಿ ಹಾಕಿದರೆ ಉತ್ತರ ಹೇಳೋದು ಅತ್ತೆಯೇ.

ಇಷ್ಟರವರೆಗೆ ಎಲ್ಲ ಇಂಜಿನಿಯರಿಂಗ್ ಲೆಕ್ಕದ ಹಾಗೇ ನಡೀತಿತ್ತು. ಆಮೇಲೆ ಮೇಡಂ, "ಪಹಣಿ ಇನ್ನೂ ನಿಮ್ಮ ತಂದೆ ಹೆಸರಲ್ಲೇ ಇದೆ. ತೀರಿಕೊಂಡಿದ್ದು ಯಾವಾಗ? ವಿಲ್ ಏನಾದ್ರೂ ಮಾಡಿದ್ರಾ?" ಅಂದರು. ಅಜ್ಜ ಹೋಗಿ ಆರು ವರ್ಷ. ವಿಲ್ ಇಲ್ಲ. ಹಾಗಾದ್ರೆ ಮೊದಲು ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ. ಚಿಕ್ಕಪ್ಪ ಇದಕ್ಕೆ ರೆಡಿಯಾಗೇ ಬಂದಿದ್ದರು. ಬ್ಯಾಗಿಂದ ಒಂದು ಕಾಗದ ತೆಗೆದರು. ಆ ಮಧ್ಯವರ್ತಿ ಬರೆಸಿಕೊಟ್ಟಿದ್ದ ಕರಡು, ಹಕ್ಕು ಬಿಡುಗಡೆ ಪತ್ರ. ಅತ್ತೆ ಜಮೀನಿನ ಮೇಲಿನ ತನ್ನ ಹಕ್ಕನ್ನೆಲ್ಲ ಅಣ್ಣ ತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇನೆ ಅಂತ. "ಇವಳ ಸೈನು ಇದಕ್ಕೊಂದು ಬೇಕು ಅಷ್ಟೆ ಮೇಡಂ. ಮನೆ ನಾವು ಕಟ್ಟಿಸಿ ಕೊಡ್ತೀವಲ್ಲ, ಇರೋ ತನಕ ಇರ್ತಾಳೆ."

ಅತ್ತೆ ಸೆರಗಿನ ತುದಿ ಸುತ್ತಿಕೊಂಡು ಕೂತಿದ್ದರು. ಪೆನ್ನು ಕೊಟ್ಟಿದ್ದರೆ ಅಲ್ಲೇ ಸೈನ್ ಹಾಕ್ತಿದ್ದರು, ನನಗೆ ಅನುಮಾನವೇ ಇಲ್ಲ.

ಮೇಡಂ ಆ ಕಾಗದ ಓದಿ ಮಡಚಿ ಅತ್ತೆ ಕಡೆ ತಿರುಗಿದರು. "ನೋಡಿಯಮ್ಮ, ಫೀಸು ಕೊಡ್ತಿರೋದು ನಿಮ್ಮ ಅಣ್ಣ ತಮ್ಮ. ನಾನು ಅವರ ಕಡೆ ವಕೀಲೆ. ಅದಕ್ಕೇ ಈ ಕಾಗದದ ಬಗ್ಗೆ ನಿಮಗೆ ಬುದ್ಧಿ ಹೇಳೋಕೆ ನನಗಾಗಲ್ಲ. ಇದಕ್ಕೆ ಸೈನ್ ಹಾಕೋ ಮೊದಲು ನೀವು ಬೇರೆ ಒಬ್ಬರು ವಕೀಲರನ್ನ ಕೇಳಿ. ದುಡ್ಡು ಬೇಕಾಗಿಲ್ಲ. ಎದುರಿಗೆ ಕೋರ್ಟಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ." ಆಮೇಲೆ ಅಪ್ಪನ ಕಡೆ ನೋಡಿ, "ನಿಮ್ಮ ಒಳ್ಳೇದಕ್ಕೂ ಹೇಳ್ತಿದೀನಿ. ತಿಳಿಯದೆ ಹಾಕಿದ ಸೈನಿನ ಮೇಲೆ ಮನೆ ಕಟ್ಟಬೇಡಿ" ಅಂದರು.

ಚಿಕ್ಕಪ್ಪನ ಮುಖ ಕೆಂಪಾಯ್ತು. ಬಸ್ಸಲ್ಲಿ ಊರಿಗೆ ಬರೋವರೆಗೂ ಯಾರೂ ಮಾತಾಡಲಿಲ್ಲ. ರಾತ್ರಿ ಮಾತ್ರ ಎಲ್ಲ ಹೊರಗೆ ಬಂತು. ಮದುವೆಗೆ ಮಾಡಿದ ಸಾಲ, ಸರ, ಬಾಣಂತನ, ಮಾವನ ಆಸ್ಪತ್ರೆ ಖರ್ಚು. ಹೊಲ ಉತ್ತವನು ನಾನು, ಅಪ್ಪನ್ನ ಕೊನೇ ಮೂರು ವರ್ಷ ಎತ್ತಿ ಇಳಿಸಿದವನು ನಾನು ಅಂತ ಚಿಕ್ಕಪ್ಪ ಅಂದಿದ್ದೂ ಸುಳ್ಳಲ್ಲ. ಇಲ್ಲಿ ಚಿಕ್ಕಪ್ಪನನ್ನು ವಿಲನ್ ಮಾಡೋದು ಸುಲಭ, ಆದರೆ ಅವರು ಅಂಥವರಲ್ಲ. ತಂಗಿ, ಅಕ್ಕಂದಿರು ಸೈನ್ ಹಾಕಿಕೊಡೋದು ನಮ್ಮ ಕಡೆ ಅರಿಶಿನ ಕುಂಕುಮ ಕೊಟ್ಟಷ್ಟೇ ಮಾಮೂಲಿ. ಹಾಕದವಳು ತವರಿನ ಬಾಗಿಲು ಮುಚ್ಚಿಕೊಂಡ ಹಾಗೆ. ಅತ್ತೆಗೆ ಇದ್ದದ್ದು ಅದೊಂದೇ ಬಾಗಿಲು.

ಮಾರನೇ ವಾರ ಅತ್ತೆ ನನಗೆ ಫೋನ್ ಮಾಡಿದರು. "ಶನಿವಾರ ರಜಾ ಇದ್ಯಾ ಕಂದ? ಸುಮ್ನೆ ಕೇಳ್ಕೊಂಡು ಬರೋಣ ಅಂತ. ಯಾರಿಗೂ ಹೇಳ್ಬೇಡ." ನಾನು ಅಪ್ಪನಿಗೆ ಹೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಹೋಗಿ ಬನ್ನಿ" ಅಂದರು. ಶನಿವಾರ ಆಫೀಸು ಇರಲ್ವೇನೋ ಅಂತ ಶುಕ್ರವಾರವೇ ಇಂಟರ್ನಲ್ಸ್ ಮುಗಿಸಿ ಹೋದೆ.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ 1987ರದ್ದು ಒಂದಿದೆ. ಅದರ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಆದಾಯ ಕಮ್ಮಿ ಇರೋರು, ಇವರಿಗೆಲ್ಲ ವಕೀಲರ ನೆರವು ಉಚಿತ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಅಂದರೆ ಇದನ್ನು ಓದ್ತಿರೋ ನಮ್ಮ ಕ್ಯಾಂಪಸ್ಸಿನ ಪ್ರತಿ ಹುಡುಗಿಗೂ, ನಿಮ್ಮೆಲ್ಲರ ಅಮ್ಮಂದಿರಿಗೂ ಈ ಹಕ್ಕಿದೆ. ಫೋನ್ ನಂಬರ್ 15100, ಇಡೀ ದೇಶಕ್ಕೆ ಒಂದೇ. ತಾಲೂಕು ಸಮಿತಿಗೆ ಅಲ್ಲಿನ ಕೋರ್ಟಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ನಾವು ಹೋದದ್ದು ಒಂದು ಚಿಕ್ಕ ರೂಮು, ಒಂದು ಮೇಜು, ಗೋಡೆ ಮೇಲೆ ಲೋಕ ಅದಾಲತ್ತಿನ ಪೋಸ್ಟರು. ಒಂದು ಅರ್ಜಿ ಕೊಟ್ಟರು. ಅದರ ಕನ್ನಡ ಮಾತ್ರ ಪಹಣಿಗಿಂತ ಎಷ್ಟೋ ವಾಸಿ, ನಾನೇ ತುಂಬಿದೆ.

ಅವರು ಗೊತ್ತುಮಾಡಿದ ವಕೀಲರು ಇನ್ನೂ ಚಿಕ್ಕವರು. ಅಜ್ಜ ಜಮೀನು ಕೊಂಡ ಕ್ರಯಪತ್ರದ ಜೆರಾಕ್ಸ್ ನೋಡಿ ಅತ್ತೆಗೆ ನಿಧಾನಕ್ಕೆ ಬಿಡಿಸಿ ಹೇಳಿದರು. ಹೆಣ್ಣುಮಕ್ಕಳಿಗೆ ಪಾಲು ಅಂದ ಕೂಡಲೇ ಎಲ್ಲರೂ 2005ರ ತಿದ್ದುಪಡಿ ಅಂತಾರೆ. ಅದು ಪಿತ್ರಾರ್ಜಿತ ಆಸ್ತಿಯ ವಿಷಯ. ಅಪ್ಪ ಸ್ವಂತ ದುಡಿದು ಕೊಂಡು, ವಿಲ್ ಬರೆಯದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ 1956ರಿಂದಲೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅತ್ತೆ ಹುಟ್ಟೋಕೂ ಮುಂಚೆ ಬಂದ ಕಾನೂನು. ಅಜ್ಜಿ, ಅಪ್ಪ, ಅತ್ತೆ, ಚಿಕ್ಕಪ್ಪ, ನಾಲ್ಕು ಪಾಲು. 76 ಭಾಗಿಸು 4, ಹತ್ತೊಂಬತ್ತು ಗುಂಟೆ.

"ಹತ್ತೊಂಬತ್ತು ಗುಂಟೆನಾ?" ಅಂತ ಅತ್ತೆ ಎರಡು ಸಲ ಕೇಳಿದರು. ಆಮೇಲೆ, "ನಂಗೆ ಜಗಳ ಬೇಡ ಸಾರ್" ಅಂದರು.

"ಜಗಳ ಬೇಡ. ಇದು ನಿಮ್ಮದು ಅಂತ ಗೊತ್ತಿದ್ದು ಬಿಟ್ಟುಕೊಟ್ರೆ ಅದು ನಿಮ್ಮ ಇಷ್ಟ. ಆದ್ರೆ ಈ ಪತ್ರ ರಿಜಿಸ್ಟರ್ ಆದ್ಮೇಲೆ ಆ ಮನೆ ನಿಂತಿರೋ ನೆಲ ನಿಮ್ಮದಲ್ಲ. ನಾಳೆ ನಿಮ್ಮ ಅಣ್ಣನ ಮಕ್ಕಳು, ತಮ್ಮನ ಮಕ್ಕಳು ಬೇರೆ ಥರ ಯೋಚನೆ ಮಾಡಿದ್ರೆ?" ಅವರು ನನ್ನ ಕಡೆ ನೋಡಲಿಲ್ಲ. ಆದರೂ ಆ ಅಣ್ಣನ ಮಗಳು ನಾನೇ, ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಮನೆಗೆ ಬಂದು ಅತ್ತೆ ಗಲಾಟೆ ಏನೂ ಮಾಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, "ಮನೆ ನನ್ನ ಹೆಸರಲ್ಲಿ ಇರ್ಲಿ ಅಣ್ಣ. ಹೊಲ ನೀವೇ ಉಳ್ಕೊಳ್ಳಿ" ಅಂದರು. ಅಷ್ಟೇ. ಚಿಕ್ಕಪ್ಪ ಎದ್ದು ಹೊರಗೆ ಹೋದರು. ಒಂದೂವರೆ ತಿಂಗಳು ಅತ್ತೆ ಮಾಡಿದ ಸಾರು ತಿನ್ನಲಿಲ್ಲ. ಅಪ್ಪ ಒಂದು ದಿನ ಊಟ ಮಾಡ್ತಾ ಇದ್ದಕ್ಕಿದ್ದ ಹಾಗೆ, "ನಾಳೆ ನಮ್ಮ ಮನೇಲೂ ಹಿಂಗೇ ಕಾಗದ ಬಂದ್ರೆ ನೀನು ಸೈನ್ ಹಾಕ್ತೀಯಾ?" ಅಂತ ಕೇಳಿದರು. ತಮ್ಮ ಎದುರಿಗೇ ಕೂತು ಮೊಬೈಲು ನೋಡ್ತಿದ್ದ. "ಇಲ್ಲ" ಅಂದೆ. ಅಪ್ಪ ತಲೆ ಎತ್ತಲಿಲ್ಲ, "ಹೂಂ" ಅಂದರು. ಆ ವಾರವೇ ಊರಿಗೆ ಹೋಗಿ ತಮ್ಮನ ಜೊತೆ ಮಾತಾಡಿದರು. ಏನು ಮಾತಾಡಿದರೋ ನನಗೆ ಹೇಳಿಲ್ಲ. ಅಜ್ಜಿ ಮಾತ್ರ ನಡುವೆ ಬಂದು, "ಎಲ್ಲರೂ ಪಾಲು ಪಾಲು ಅಂತೀರಲ್ಲ, ನಂದೂ ಒಂದಿದೆಯಂತೆ. ಅದನ್ನ ಮುಟ್ಬೇಡಿ, ನಾನಿನ್ನೂ ಬದುಕಿದೀನಿ" ಅಂದರಂತೆ.

ಕೊನೆಗೆ ಒಪ್ಪಂದ ಆದದ್ದು ಹೀಗೆ. ರಸ್ತೆ ಕಡೆಯ, ಹಳ್ಳ ಬಿಟ್ಟು ಹತ್ತು ಗುಂಟೆ ಅತ್ತೆ ಹೆಸರಿಗೆ. ಮಿಕ್ಕ ಒಂಬತ್ತನ್ನು ಅತ್ತೆ ತಾವೇ, ತಿಳಿದೇ, ಚಿಕ್ಕಪ್ಪನಿಗೆ ಬಿಟ್ಟರು, ಅಜ್ಜನ್ನ ನೋಡಿಕೊಂಡದ್ದಕ್ಕೆ ಅಂತ. ಅವರ ವಕೀಲರು ಎರಡು ಸಲ ಕೇಳಿದರು, ಎರಡು ಸಲವೂ ಹೌದು ಅಂದರು. ಹತ್ತೊಂಬತ್ತೂ ತಗೋಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತೆ. ಆದರೆ ಆ ಊರಲ್ಲಿ ಬಾಳಬೇಕಾದ್ದು ಅತ್ತೆ, ನಾನಲ್ಲ.

ಇದಾದ ಮೇಲಿನದು ಬರೀ ಕಾಗದದ ಕೆಲಸ, ಉದ್ದ ಇದೆ, ಬೇಗ ಹೇಳಿಬಿಡ್ತೀನಿ. ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ನಾಲ್ವರ ಹೆಸರಿಗೆ ಪೌತಿ ಖಾತೆ. ಸರ್ವೆಯರ್ ಬಂದು ಅಳೆದು 11ಇ ನಕ್ಷೆ. ಜಮೀನಿನ ಒಂದು ಭಾಗವನ್ನು ಬೇರೆ ಮಾಡಿ ರಿಜಿಸ್ಟರ್ ಮಾಡಿಸೋಕೆ ಮೊದಲು ಈ ನಕ್ಷೆ ಬೇಕೇ ಬೇಕು. ನಕ್ಷೆ ಇಟ್ಟು ವಿಭಾಗ ಪತ್ರ ನೋಂದಣಿ, ಆಮೇಲೆ ಮ್ಯುಟೇಷನ್, ಪೋಡಿ. ಆಗ ಅತ್ತೆ ಹೆಸರಲ್ಲಿ ಬೇರೆ ಪಹಣಿ ಬಂತು. ಅದರಲ್ಲಿ ಐದು ಗುಂಟೆಗೆ ಆನ್‌ಲೈನಲ್ಲಿ ಅಫಿಡವಿಟ್ ಸಮೇತ ಪರಿವರ್ತನೆಗೆ ಅರ್ಜಿ. ಆದೇಶ ಬಂದಮೇಲೂ ಮುಗಿಯಲ್ಲ. ನಗರ ಮತ್ತು ಗ್ರಾಮಾಂತರ ಯೋಜನೆಯವರಿಂದ ಒಂಟಿ ನಿವೇಶನದ ನಕ್ಷೆಗೆ ಅನುಮೋದನೆ, ಆಮೇಲೆ ಪಂಚಾಯ್ತಿಯಲ್ಲಿ ಇ-ಸ್ವತ್ತು, ಅಂದರೆ ಫಾರಂ 9, ಫಾರಂ 11. ಕೊನೆಗೆ ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ ಕೆಳಗೆ ಕಟ್ಟಡದ ಲೈಸೆನ್ಸು. ಆ ಮಧ್ಯವರ್ತಿ "ಒಳಗಿಂದ" ಮಾಡಿಸಿಕೊಡ್ತೀನಿ ಅಂದದ್ದು ಇಷ್ಟನ್ನೂ ಹಾರಿ ಸೀದಾ ಇ-ಸ್ವತ್ತಿಗೆ. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟು ಅಂತ ಮಾರ್ತಾರಲ್ಲ, ಆ ಸೈಟು ಕೊಂಡವರೆಲ್ಲ ಖಾತೆಗೆ, ಸಾಲಕ್ಕೆ ಒದ್ದಾಡೋದು ಹೀಗೆ ಹಾರಿದ ಮೆಟ್ಟಿಲುಗಳಿಂದಲೇ.

ಇದರಲ್ಲಿ ವಕೀಲರು ಮಾಡಿದ್ದೇನು ಅಂತ ನನ್ನ ರೂಮ್‌ಮೇಟ್ ಕೇಳಿದಳು, ಅರ್ಜಿ ಎಲ್ಲ ಆನ್‌ಲೈನ್ ಅಲ್ವಾ ಅಂತ. ಅರ್ಜಿ ಆನ್‌ಲೈನೇ. ಪರಿವರ್ತನೆಯ ಅರ್ಜಿ ನಾನೇ ನಮ್ಮ ಕಾಲೇಜಿನ ಲೈಬ್ರರಿಯ ಕಂಪ್ಯೂಟರಲ್ಲಿ ಕೂತು ಅಪ್‌ಲೋಡ್ ಮಾಡಿದೆ. ಆದರೆ ಹಳ್ಳ ಎಲ್ಲಿದೆ ಅಂತ ಆ ವೆಬ್‌ಸೈಟ್ ಕೇಳಲ್ಲ. ಸೈನ್ ಹಾಕೋಳಿಗೆ ಅದು ಏನು ಅಂತ ಗೊತ್ತಾ ಅಂತಲೂ ಕೇಳಲ್ಲ.

ಒಂದು ಸಲ ಅರ್ಜಿ ವಾಪಸ್ ಬಂತು. ನಕ್ಷೆಯಲ್ಲಿ ಅತ್ತೆಯ ಹೆಸರು ಗಂಡನ ಹೆಸರಿನ ಜೊತೆ, ಆಧಾರಿನಲ್ಲಿ ತಂದೆ ಹೆಸರಿನ ಜೊತೆ. ಅದಕ್ಕೊಂದು ಅಫಿಡವಿಟ್. ಸ್ಟಾಂಪ್ ಪೇಪರಿನ ಮೇಲೆ "ಈ ಎರಡೂ ಹೆಸರಿನವಳು ನಾನೊಬ್ಬಳೇ" ಅಂತ ಬರೆದದ್ದನ್ನು ನಾನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ ನಕ್ಕರು. ಈ ಇಡೀ ಕಥೆಯಲ್ಲಿ ಅವರು ಜೋರಾಗಿ ನಕ್ಕದ್ದು ಅದೊಂದೇ ಸಲ.

ಲೈಸೆನ್ಸು ಕಳೆದ ತಿಂಗಳು ಬಂತು. ಸಾಲ ಅತ್ತೆ ಹೆಸರಲ್ಲಿ, ಜೊತೆಗೆ ಅಪ್ಪನ ಸೈನು. ನನ್ನ ಮೊದಲಿನ ಪ್ಲಾನು ಮೂರು ಸಲ ಬದಲಾಗಿದೆ. ಸುತ್ತ ಬಿಡಬೇಕಾದ ಜಾಗ ಬಿಟ್ಟಮೇಲೆ ಮುಂದಿನ ರೂಮು ಪೂರ್ವಕ್ಕೆ ತಿರುಗಿದೆ. ಕಿಟಕಿ ನಾಲ್ಕಡಿ ಅಗಲ ಇತ್ತು, ಅತ್ತೆ ಆರಡಿ ಮಾಡು ಅಂದರು. ಲಿಂಟಲ್ಲಿಗೆ ಕಬ್ಬಿಣ ಜಾಸ್ತಿ ಬೇಕಾಗುತ್ತೆ ಅಂದೆ. "ಬೇಕಾದ್ರೆ ಹಾಕು" ಅಂದರು. ಹೋದ ಭಾನುವಾರ ಸುಣ್ಣದ ಪುಡಿ ಹಾಕಿ ಪಾಯದ ಗೆರೆ ಎಳೆದೆವು. ದಾರದ ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಚಿಕ್ಕಪ್ಪ. ಬಣವೆಯನ್ನು ಇನ್ನೂ ಹಳ್ಳದಿಂದ ಎತ್ತಿಲ್ಲ ಅವರು, ಕೇಳಿದರೆ ಮಳೆ ಬರ್ಲಿ ನೋಡೋಣ ಅಂತಾರೆ.